ಹಳೆಯ ರುಬಿಡಿಯಂ ಗಡಿಯಾರ (ರುಬಿಡಿಯಂ ಪರಮಾಣು ಬಳಸಿ ಸಮಯ ಅಳೆಯುವ ಪರಮಾಣು ಗಡಿಯಾರ) ಕೊಂಡಿದ್ದೇನೆ. ಅದು ಎಷ್ಟು ಸರಿಯಿದೆ ಅಂತ ಮನೆಯಲ್ಲೇ ನೋಡೋದು ಹೇಗೆ?

ಜಿಪಿಎಸ್ ಜೊತೆ ಹೋಲಿಸಿ ನೋಡಿ. ಟೈಮಿಂಗ್‌ಗೆ ಬಳಸುವ ಜಿಪಿಎಸ್ ರಿಸೀವರ್ ಸೆಕೆಂಡಿಗೊಂದು ಪಲ್ಸ್ ಕೊಡುತ್ತದೆ. ರುಬಿಡಿಯಂ ಗಡಿಯಾರ ಕೊಡುವ 10 ಮೆಗಾಹರ್ಟ್ಸ್ (ಸೆಕೆಂಡಿಗೆ ಒಂದು ಕೋಟಿ ಸಲ ಮಿಡಿಯುವ) ಸಿಗ್ನಲ್ ಅನ್ನು ಒಂದು ಕೋಟಿಯಿಂದ ಭಾಗಿಸಿದರೆ ಅಲ್ಲೂ ಸೆಕೆಂಡಿಗೊಂದು ಪಲ್ಸ್ ಸಿಗುತ್ತದೆ. ಎರಡರ ನಡುವಿನ ಅಂತರವನ್ನು ಟೈಮ್ ಇಂಟರ್ವಲ್ ಕೌಂಟರ್‌ನಲ್ಲಿ (ಎರಡು ಪಲ್ಸ್‌ಗಳ ನಡುವಿನ ಸಮಯ ಅಳೆಯುವ ಉಪಕರಣ) ಅಳೆಯಿರಿ.

ಒಂದೆರಡು ಪಲ್ಸ್ ನೋಡಿ ಗಾಬರಿ ಬೀಳಬೇಡಿ. ಜಿಪಿಎಸ್ ಪಲ್ಸೇ ಹತ್ತಾರು ನ್ಯಾನೊಸೆಕೆಂಡ್ (ಒಂದು ನ್ಯಾನೊಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಆಚೀಚೆ ಓಲಾಡುತ್ತದೆ. ಆದರೆ ಆ ಓಲಾಟ ದಿನಗಟ್ಟಲೆ ಕೂಡುತ್ತಾ ಹೋಗುವುದಿಲ್ಲ. ರುಬಿಡಿಯಂನ ತಪ್ಪು ಕೂಡುತ್ತಾ ಹೋಗುತ್ತದೆ, ಅದಕ್ಕೇ ಇಲ್ಲಿ ತಾಳ್ಮೆ ಜಾಸ್ತಿ ಬೇಕು. 24 ಗಂಟೆಯಲ್ಲಿ ಅಂತರ 864 ನ್ಯಾನೊಸೆಕೆಂಡ್ ಬದಲಾದರೆ, ತಪ್ಪು ಲಕ್ಷ ಕೋಟಿಯಲ್ಲಿ 10 ಪಾಲು.

ಆನ್ ಮಾಡಿದ ಮೊದಲ ದಿನದ ಅಳತೆಯನ್ನು ಸುಮ್ನೆ ಬಿಟ್ಟುಬಿಡಿ. ಸೀಲಿಂಗ್ ಫ್ಯಾನ್ ಗಾಳಿ ನೇರ ತಾಗದ ಮೂಲೆಯಲ್ಲಿಡಿ, ಬಿಸಿ-ತಂಪಿನ ಏರಿಳಿತ ಅಂಕಿಯಲ್ಲಿ ಕಾಣುತ್ತದೆ.