ಒಬ್ಬರಾದರೂ ಜೊತೆಗಿರಲಿ

ಬಾಗಲಕೋಟೆಯ ನವನಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ಮದುವೆಯಾಗಿ 14 ವರ್ಷ. ಯಾರಿಗೂ ಒಲ್ಲೆ ಅಂದವಳಲ್ಲ. ನಾದಿನಿಯ ಕುಬುಸಕ್ಕೆ (ಸೀಮಂತಕ್ಕೆ) ಕಡಿಮೆ ಕೊಟ್ಟರೆ ಮಂದಿ ಏನಂದಾರು ಅಂತ ಸಂಘದಲ್ಲಿ ಸಾಲ ತೆಗೆದೆ. ಮನೆಯವರಿಗೂ ಹೇಳಿಲ್ಲ. ಮೊನ್ನೆ ಇಳಕಲ್ಲಿನ ಅಂಗಡಿಯಲ್ಲಿ 'ನಿಮಗ ಯಾವ ಬಣ್ಣ ಬೇಕ್ರಿ?' ಅಂದರು. ಹೇಳಲು ಬರಲಿಲ್ಲ. ನಾದಿನಿಗೇ ಫೋನ್ ಮಾಡಿ ಕೇಳಿದೆ. ಇದು ರೋಗವೇ?"

ಅಕ್ಕಾ, ರೋಗವಲ್ಲ. ಆದರೆ ಸಣ್ಣ ಮಾತೂ ಅಲ್ಲ. ಸಂಘದ ಸಾಲ ಎಷ್ಟು ಉಳಿದಿದೆ ಅಂತ ಪಾಸ್‌ಬುಕ್ಕಿನಲ್ಲಿರುತ್ತದೆ. ಆ ಅಂಗಡಿಯಲ್ಲಿ ನಿಮಗೆ ಗೊತ್ತಾದ ನಷ್ಟ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮಂದಿಯನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆ ಮದುವೆಗೂ ಮಣ್ಣಿಗೂ ಮಂದಿ ಬೇಕು. ಆದರೆ ನಾದಿನಿಗೆ ಖುಷಿಯಿಂದ ಸೀರೆ ಕೊಡೋದು ಬೇರೆ, 'ಇಷ್ಟೇನಾ' ಅಂದಾರು ಅಂತ ಸಾಲ ಮಾಡಿ ಕೊಡೋದು ಬೇರೆ. ಎರಡನೆಯದರಲ್ಲಿ ನಾದಿನಿ ಇಲ್ಲವೇ ಇಲ್ಲ, ಅಲ್ವಾ?

1950ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಸೊಲೊಮನ್ ಆಶ್ ಒಂದು ಪ್ರಯೋಗ ಮಾಡಿದರು. ಒಂದು ಗುಂಪನ್ನು ಕೂರಿಸಿ, ಈ ಗೆರೆಯಷ್ಟೇ ಉದ್ದದ ಗೆರೆ ಯಾವುದು ಅಂತ ಎಲ್ಲರೆದುರು ಒಬ್ಬೊಬ್ಬರನ್ನೇ ಕೇಳುವುದು, ಅಷ್ಟೇ. ನೋಡಿದ ಕೂಡಲೇ ಗೊತ್ತಾಗುವ ಉತ್ತರ. ಆದರೆ ಒಬ್ಬನನ್ನು ಬಿಟ್ಟು ಉಳಿದವರೆಲ್ಲ, ಮೊದಲೇ ಹೇಳಿಕೊಟ್ಟಂತೆ, ತಪ್ಪು ಹೇಳುತ್ತಿದ್ದರು. ಹಾಗೆ ಒಂಟಿಯಾಗಿ ಸಿಕ್ಕವರಲ್ಲಿ ಸುಮಾರು ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಆ ತಪ್ಪಿಗೇ ಹೂಂ ಅಂದರು. ಜೊತೆಗೆ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದಾಗ ಈ ಹೂಂಗುಟ್ಟುವುದು ತುಂಬಾ ಇಳಿಯಿತು. ಉತ್ತರ ಬರೆದುಕೊಡಿ ಅಂದಾಗಲೂ ಇಳಿಯಿತು.

ನೀವೂ ಬರೆದೇ ಕೊಟ್ಟಿದ್ದೀರಿ. 14 ವರ್ಷ ಬಾಯಿಗೆ ಬಾರದ್ದು ಕಾಗದದ ಮೇಲೆ ಬಂತು. ಇನ್ನು ಬೇಕಾಗಿರುವುದು ಆ ಒಬ್ಬರು. ಅದು ನಿಮ್ಮ ಮನೆಯವರೇ ಆಗಲಿ ಅನ್ನೋದು ನನ್ನ ಆಸೆ. ಸಾಲದ ಮಾತು ಮೊದಲು ಅವರಿಗೆ ಹೇಳಿ. ಬೈಯಬಹುದು. ಆದರೂ ಹೇಳಿ. ಮುಚ್ಚಿಟ್ಟ ಸಾಲ ತೀರಿಸಲು ಇನ್ನೊಂದು ಸಾಲ ಮಾಡುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಅವರ ಹತ್ತಿರ ಆಗದಿದ್ದರೆ ಅವ್ವನೋ ಗೆಳತಿಯೋ ಇರಲಿ. ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಸಾಲ ತೀರಿದ ಮೇಲೆ ಇನ್ನೊಮ್ಮೆ ಇಳಕಲ್ಲಿಗೆ ಹೋಗಿ. ಯಾರಿಗೂ ಫೋನ್ ಮಾಡಬೇಡಿ. ಎಷ್ಟು ಸೀರೆ ಬಿಚ್ಚಿಸಿದರೂ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಅವರ ಕೆಲಸವೇ ಅದು. ಯಾವ ಬಣ್ಣ ತಂದಿರಿ ಅಂತ ನನಗೆ ಬರೆಯಿರಿ.