ಭಾವನಿಗೆ ನಂಬರ್ ಕೊಡಬಹುದಾ?

ನಿನ್ನ ಮೆಸೇಜ್ ಓದಿದೆ ಮಾರಾಯ. ಎಚ್-1ಬಿ ಕೆಲಸದ ವೀಸಾ ಸಿಕ್ಕಿ ಮುಂದಿನ ತಿಂಗಳು ಹೆಂಡತಿ ಜೊತೆ ಅಮೆರಿಕದ ನ್ಯೂಜೆರ್ಸಿಗೆ ಬರುತ್ತಿದ್ದೀಯ, ಸಂತೋಷ. ಚಳಿ ಹೇಗೆ, ಕುಚ್ಚಲಕ್ಕಿ ಸಿಗುತ್ತದಾ ಎಂದೆಲ್ಲ ಕೇಳಿದ್ದೀಯ. ಅಕ್ಕಿ ಮಲಯಾಳಿ ಅಂಗಡಿಯಲ್ಲಿ ಮಟ್ಟ ಅಂತ ಕೇಳಿದರೆ ಸಿಗುತ್ತದೆ. ಜಾಕೆಟ್ ಊರಿಂದ ತರಬೇಡ, ಇಲ್ಲೇ ತಗೋ. ನನ್ನ ತಲೆಯಲ್ಲಿ ಉಳಿದದ್ದು ನಿನ್ನ ಕೊನೆಯ ಪ್ರಶ್ನೆ, ಇಲ್ಲಿಯ ಸರ್ಕಾರ ಒಬ್ಬೊಬ್ಬರಿಗೆ ಕೊಡುವ ಗುರುತಿನ ನಂಬರಿನದ್ದು: "ಸೋಷಿಯಲ್ ಸೆಕ್ಯೂರಿಟಿ ನಂಬರ್ ಬಂದ ಕೂಡಲೇ ಕಳಿಸು, ಕ್ರೆಡಿಟ್ ಕಾರ್ಡ್ ಗಿರ್ಡ್ ಎಲ್ಲ ನಾನೇ ಮಾಡಿಕೊಡ್ತೇನೆ ಅಂತ ಅಲ್ಲಿರುವ ಭಾವ ಹೇಳಿದ್ದಾನೆ. ಕೊಡಬಹುದಲ್ವಾ?"

ಕೊಡಬೇಡ.

ಭಾವ ಕಳ್ಳ ಎಂದು ನಾನು ಹೇಳುತ್ತಿಲ್ಲ. ಅವನನ್ನು ನಾನು ನೋಡಿದ್ದೂ ಇಲ್ಲ. ಆದರೆ ನಮ್ಮ ಕಾಸರಗೋಡಿನವರಿಗೆ ಒಂದು ಅಭ್ಯಾಸ ಉಂಟು. ವಿಲೇಜ್ ಆಫೀಸಿನಿಂದ ಬರುವ ಕಾಗದ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಅಪ್ಪಂದಿರಿಗೆ ಅದು ಓದಲು ಬಾರದು. ಮಲಯಾಳ ಬಲ್ಲ ಮಾವನೋ ನೆರೆಮನೆಯವನೋ ಫಾರ್ಮ್ ತುಂಬಿಸುತ್ತಾನೆ, ಇವರು ಅವನು ಬೆರಳಿಟ್ಟಲ್ಲಿ ಸಹಿ ಹಾಕುತ್ತಾರೆ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಎಷ್ಟೋ ಮನೆಗಳಲ್ಲಿ ಇದೇ ರೂಢಿ. ಸೊಸೈಟಿ ಸಾಲಕ್ಕೆ ಜಾಮೀನು ನಿಲ್ಲುವುದೂ ಹಾಗೇ, "ನಮ್ಮವನಲ್ವಾ" ಎಂದು. ಅಲ್ಲಿ ಸೊಸೈಟಿ ಸೆಕ್ರೆಟರಿಗೆ ನಿನ್ನ ಮುಖ ಗೊತ್ತು, ಅಡಿಕೆ ತೋಟವೂ ಗೊತ್ತು. ಇಲ್ಲಿಯ ಬ್ಯಾಂಕಿಗೆ ಆ 9 ಅಂಕಿಗಳೇ ನೀನು.

ನಾನು ಬಂದ ಮೂರನೇ ವರ್ಷ ಚಿಕ್ಕಮ್ಮನ ಮಗ ನಮ್ಮ ಮನೆಯಲ್ಲಿ ಎಂಟು ತಿಂಗಳು ಇದ್ದ. ಒಳ್ಳೆ ಹುಡುಗ. ಪಾತ್ರೆ ತೊಳೆಯುತ್ತಿದ್ದ, ಮಗುವನ್ನು ಆಡಿಸುತ್ತಿದ್ದ, ದಿನಾ ಸಂಜೆ ಕೆಳಗೆ ಹೋಗಿ ಟಪಾಲು ತರುತ್ತಿದ್ದವನೂ ಅವನೇ. ಅವನು ಬೇರೆ ಊರಿಗೆ ಹೋಗಿ ವರ್ಷವಾದ ಮೇಲೆ ನಾನು ಮನೆ ಸಾಲಕ್ಕೆ ಅರ್ಜಿ ಹಾಕಿದೆ. ಸಾಲದ ಆಫೀಸಿನ ಹೆಂಗಸು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ಈ ಕಾರ್ಡಿನ 6,800 ಡಾಲರ್ ಯಾಕೆ ಕಟ್ಟಿಲ್ಲ ಎಂದು ಕೇಳಿದಳು. ಆ ಬ್ಯಾಂಕಿನ ಮೆಟ್ಟಿಲನ್ನೂ ನಾನು ಹತ್ತಿದವನಲ್ಲ. ಹೆಸರು ನನ್ನದು, ಮನೆ ನಂಬರ್ ನಮ್ಮದು. ಫೋನ್ ನಂಬರ್ ಮಾತ್ರ ಅವನದು.

ಬ್ಯಾಂಕಿನವರು ಗುರುತಿಗೆ ಕೇಳುವ ಪ್ರಶ್ನೆಗಳನ್ನು ನೋಡು. ಹುಟ್ಟಿದ ತಾರೀಕು, ತಾಯಿಯ ತವರಿನ ಹೆಸರು, ಮೊದಲು ಕಲಿತ ಶಾಲೆ. ಹೊರಗಿನ ಕಳ್ಳ ಇದಕ್ಕೆಲ್ಲ ಪರದಾಡಬೇಕು. ಚಿಕ್ಕಮ್ಮನ ಮಗನಿಗೆ ಯಾಕೆ? ನಮ್ಮೂರ ಬಸ್ಸಿನ ಕಂಡಕ್ಟರನಿಗೂ ನನ್ನ ಶಾಲೆ ಗೊತ್ತು.

ಕಾನೂನು ನಮ್ಮ ಕಡೆಗೇ ಇದೆ. ನಿನ್ನ ಕ್ರೆಡಿಟ್ ಕಾರ್ಡನ್ನು ಬೇರೆಯವರು ಕದ್ದು ಬಳಸಿದರೆ ನಿನ್ನ ತಲೆಗೆ ಬರುವುದು ಹೆಚ್ಚೆಂದರೆ 50 ಡಾಲರ್. ನಿನ್ನ ಹೆಸರಲ್ಲಿ ಬೇರೆಯವರು ತೆರೆದ ಕಾರ್ಡಿನ ಸಾಲ ನಿನ್ನದಲ್ಲವೇ ಅಲ್ಲ. ಆದರೆ ಅದು ನಿನ್ನದಲ್ಲ ಎಂದು ಬರೆದು ಸಹಿ ಹಾಕಬೇಕು. ಪೊಲೀಸ್ ರಿಪೋರ್ಟ್ ಕೇಳುವುದೂ ಉಂಟು. ಮಾಡಿದ್ದು ಯಾರು ಎಂದು ಗೊತ್ತಾ ಎಂಬ ಪ್ರಶ್ನೆಯೂ ಬರುತ್ತದೆ, ಅಲ್ಲಿ ಸುಳ್ಳು ಬರೆದರೆ ನೀನೇ ಅಪರಾಧಿ. ನಾನು ಮೂರು ರಾತ್ರಿ ಆ ಫಾರ್ಮನ್ನು ಮುಂದಿಟ್ಟುಕೊಂಡು ಕೂತೆ. ಹೆಸರು ಬರೆದರೆ ಅವನ ವೀಸಾ ಹೋಗಬಹುದು, ಚಿಕ್ಕಮ್ಮ ಏಳಲಾರದೆ ಹೋಗಬಹುದು. ಕೊನೆಗೆ ನಾನೇ 14 ತಿಂಗಳು ಕಂತು ಕಟ್ಟಿದೆ. ಕಟ್ಟಿದ್ದೂ ಮೂರ್ಖತನವೇ. ಹಣ ಕಟ್ಟಿದ ಮೇಲೆ ಅದು ನನ್ನ ಸಾಲ ಎಂದೇ ಆಯಿತು, ತಡವಾದ ಕಂತುಗಳ ಗುರುತು ಏಳು ವರ್ಷ ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ಸಾಲದ ಲೆಕ್ಕದ ದಾಖಲೆಯಲ್ಲಿ, ಕೂತಿತು. ಹೆಂಡತಿ ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ, ಅವಳ ಮಾತು ನ್ಯಾಯವೇ.

ಯಾರಿಗಾದರೂ ನೀನೇ ಕೈಯಾರೆ ಕಾರ್ಡ್ ಕೊಟ್ಟು, "ಇನ್ನೂರು ಡಾಲರಿನದ್ದು ಮಾತ್ರ ತಗೋ" ಎಂದರೆ ಇನ್ನೂ ಕಷ್ಟ. ಅವನು ಎರಡು ಸಾವಿರ ಖರ್ಚು ಮಾಡಿದರೂ ನೀನೇ ಒಪ್ಪಿಗೆ ಕೊಟ್ಟೆ ಎಂದು ಬ್ಯಾಂಕು ಹೇಳುತ್ತದೆ.

ಇನ್ನು ನಿನ್ನ ಹೆಂಡತಿ. ಎಚ್-4ನಲ್ಲಿ, ಅಂದರೆ ಎಚ್-1ಬಿಯವರ ಹೆಂಡತಿಗೆ ಸಿಗುವ ವೀಸಾದಲ್ಲಿ, ಬರುವವಳಿಗೆ ಕೆಲಸದ ಪರ್ಮಿಟ್ ಸಿಗುವ ತನಕ ಸೋಷಿಯಲ್ ಸೆಕ್ಯೂರಿಟಿ ನಂಬರ್ ಸಿಗುವುದಿಲ್ಲ. ಅಲ್ಲಿವರೆಗೆ ನಿನ್ನ ಕಾರ್ಡಿಗೆ ಅವಳ ಹೆಸರು ಸೇರಿಸು, ತಪ್ಪಿಲ್ಲ. ಅವಳು ಮಾಡಿದ ಖರ್ಚು ಕಟ್ಟುವವನು ನೀನು, ಅದು ಗೊತ್ತಿರಲಿ. ಆದರೆ ನಂಬರ್ ಬಂದ ದಿನ ಅದು ಅವಳದು. ನನಗೆ ಗೊತ್ತಿರುವ ಒಬ್ಬಾಕೆಗೆ ತನ್ನ ಹೆಸರಲ್ಲಿ ಮೂರು ಕಾರ್ಡ್ ಇವೆ ಎಂದು ತಿಳಿದದ್ದು ಗಂಡ ಬಿಟ್ಟುಹೋದ ಮೇಲೆ. ಟ್ಯಾಕ್ಸ್ ಕಾಗದ ಎಂದು ಅವನು ತಂದದ್ದಕ್ಕೆಲ್ಲ ಆಕೆ ಓದದೆ ಸಹಿ ಹಾಕಿದ್ದಳು. ಗಂಡ ಹೆಂಡತಿಯ ಸಹಿ ಹಾಕಿದರೂ ಅದು ಮೋಸವೇ. ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಂಥ 9 ರಾಜ್ಯಗಳಲ್ಲಿ ಮದುವೆಯಾದ ಮೇಲಿನ ಸಾಲ ಇಬ್ಬರದ್ದೂ ಎನ್ನುವ ವಾದ ಬೇರೆ ಬರುತ್ತದೆ. ನ್ಯೂಜೆರ್ಸಿ ಆ ಪಟ್ಟಿಯಲ್ಲಿಲ್ಲ.

ನಂಬರ್ ಬಂದು ನಿನ್ನ ಮೊದಲ ಕಾರ್ಡ್ ಆದ ಕೂಡಲೇ ಎಲ್ಲರ ಸಾಲದ ದಾಖಲೆ ಇಡುವ ಕಂಪನಿಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಕ್ರೆಡಿಟ್ ಫ್ರೀಜ್ ಮಾಡು, ಅಂದರೆ ಆ ದಾಖಲೆಗೆ ಬೀಗ ಹಾಕಿಸು. ಒಂದರಲ್ಲಿ ಮಾಡಿದರೆ ಸಾಲದು. 2018ರಿಂದ ಇದಕ್ಕೆ ದುಡ್ಡಿಲ್ಲ. ಫ್ರೀಜ್ ಆದ ಮೇಲೆ ನಂಬರ್ ಗೊತ್ತಿದ್ದವನಿಗೂ ನಿನ್ನ ಹೆಸರಲ್ಲಿ ಹೊಸ ಸಾಲ ಎತ್ತುವುದು ಕಷ್ಟ. ನಿನಗೇ ಸಾಲ ಬೇಕಾದಾಗ ತೆಗೆಸಬಹುದು, ಆನ್‌ಲೈನಿನಲ್ಲಿ ಗಂಟೆಯೊಳಗೆ ಆಗುತ್ತದೆ. ಮೂರೂ ರಿಪೋರ್ಟ್ ಆನ್ಯುವಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಬೇಕಾದರೂ ಪುಕ್ಕಟೆ ನೋಡಬಹುದು. ಮೊದಲ ಕಾರ್ಡಿಗೆ ಭಾವ ಬೇಕಾಗಿಯೂ ಇಲ್ಲ. ಬ್ಯಾಂಕಿನಲ್ಲಿ ಮುನ್ನೂರೋ ಐನೂರೋ ಡಾಲರ್ ಠೇವಣಿ ಇಟ್ಟರೆ ಅಷ್ಟೇ ಮಿತಿಯ ಸೆಕ್ಯೂರ್ಡ್ ಕಾರ್ಡ್ ಸಿಗುತ್ತದೆ. ಭಾವನಿಗೆ ಏನು ಹೇಳುವುದು ಎಂದರೆ, ಆಫೀಸಿನವರು ಯಾರಿಗೂ ಕೊಡಬೇಡಿ ಅಂದಿದ್ದಾರೆ ಎಂದುಬಿಡು. ನಿಮ್ಮನ್ನು ಕರೆದುಕೊಂಡು ಹೋಗಲು ಏರ್‌ಪೋರ್ಟಿಗೆ ಅವನೇ ಬರಲಿ.

ಮತ್ತೆ, ಬದಿಯಡ್ಕ ಕಡೆ ಹೋಗುವುದಿದ್ದರೆ ನಮ್ಮ ಚಿಕ್ಕಮ್ಮನಿಗೊಂದು ಫೋನ್ ಮಾಡು. ಹಲಸಿನ ಹಪ್ಪಳದ ಕಟ್ಟು ಎರಡು ಕೊಡುತ್ತಾರೆ, ಒಂದು ನನಗೆ, ಒಂದು ಅವರ ಮಗನಿಗೆ. ಎರಡನ್ನೂ ತಗೊಂಡು ಬಾ. ಈ ಕಾರ್ಡಿನ ವಿಷಯ ಮಾತ್ರ ಅಲ್ಲಿ ಎತ್ತಬೇಡ.