ಇಲಿಯ ಕಿಡ್ನಿ ನೋಡಿ ತಾಯಿಯ ಮಾತ್ರೆ ನಿಲ್ಲಿಸಬೇಡಿ

"ಅವ್ವನಿಗೆ ಆರು ತಿಂಗಳಿಂದ ಫ್ಲುವೊಕ್ಸೆಟಿನ್ 20 ಎಂ.ಜಿ. ನಡೆದಿದೆ. ಖಿನ್ನತೆಯ ಈ ಮಾತ್ರೆ ಕೊಟ್ಟ ಇಲಿಗಳ ಕಿಡ್ನಿ ಕೆಟ್ಟಿತೆಂದು ಓದಿದೆ, ನಿಲ್ಲಿಸಿಬಿಡಲಾ?" ಅಂತ ಕೇಳಿದ್ದೀರಿ. ನಿಲ್ಲಿಸಬೇಡಿ. ಇಂಥ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಡುವಂತಿಲ್ಲ.

ನಾನು ಡಾಕ್ಟರ್ ಅಲ್ಲ. ವಿಜಯಪುರದಲ್ಲಿ ಪೆಥಾಲಜಿ ಲ್ಯಾಬ್ ಟೆಕ್ನಿಷಿಯನ್. ಪಿಜಿ ಹುಡುಗರ ಥೀಸಿಸ್‌ಗೆ ಬರುವ ಇಲಿ ಕಿಡ್ನಿಗಳ ಸ್ಲೈಡ್ ಮಾಡುವವನು ನಾನೇ. ದೊಡ್ಡ ಅವರೆಕಾಳಿನಷ್ಟಿರುತ್ತದೆ ಅದು. ಕೆಡದಂತೆ ಫಾರ್ಮಲಿನ್ ದ್ರಾವಣದಲ್ಲಿಟ್ಟು, ಮೇಣದಲ್ಲಿ ಕೂರಿಸಿ, ಐದು ಮೈಕ್ರಾನ್ ತೆಳ್ಳಗೆ ಸೀಳಿ, ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು ಗಾಜಿನ ಮೇಲೆ ಎತ್ತಿಕೊಂಡು ಬಣ್ಣ ಹಾಕುತ್ತೇವೆ.

ನೀವು ಓದಿದ್ದು ಸುಳ್ಳಲ್ಲ. ಟ್ಯೂಬುಲ್‌ಗಳ (ಕಿಡ್ನಿಯೊಳಗಿನ ಸಣ್ಣ ಕೊಳವೆಗಳ) ಜೀವಕೋಶ ಊದಿಕೊಂಡದ್ದು, ಒಳಗೆ ಗುಳ್ಳೆ ಎದ್ದದ್ದು, ಮಧ್ಯೆ ಉರಿಯೂತದ ಕೋಶ ಬಂದು ಸೇರಿದ್ದು, ಇವನ್ನೆಲ್ಲ ವರದಿ ಮಾಡಿದ್ದಾರೆ. ಆದರೆ ಡೋಸ್ ನೋಡಿದಿರಾ? ಇಲಿಗೆ ಸಾಮಾನ್ಯವಾಗಿ ಕೊಡುವುದು ಕಿಲೋ ತೂಕಕ್ಕೆ 10 ಎಂ.ಜಿ. ಇಲಿ ಔಷಧವನ್ನು ಬೇಗ ಕರಗಿಸಿಬಿಡುತ್ತದೆ, ಹಾಗಾಗಿ ಮನುಷ್ಯರ ಲೆಕ್ಕಕ್ಕೆ ತರಲು 6.2ರಿಂದ ಭಾಗಿಸುತ್ತಾರೆ. ಅರವತ್ತು ಕಿಲೋ ತೂಗುವವರಿಗೆ ಅದು ದಿನಕ್ಕೆ ಸುಮಾರು 97 ಎಂ.ಜಿ. ಆಯಿತು. ನಿಮ್ಮ ತಾಯಿಯವರದು 20. ಇನ್ನೊಂದು ವಿಷಯ, ಕಿಡ್ನಿಗೆ ರಕ್ತ ನಿಲ್ಲಿಸಿ ಮತ್ತೆ ಬಿಟ್ಟ ಪ್ರಯೋಗಗಳಲ್ಲಿ ಇದೇ ಔಷಧ ಇಲಿ ಕಿಡ್ನಿಯನ್ನು ಕಾಪಾಡಿದ್ದೂ ಉಂಟು. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ ಬಿಡಿ.

ಸ್ಲೈಡನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ಒಂದು ಮೇ ತಿಂಗಳಲ್ಲಿ, ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ, ಫಾರ್ಮಲಿನ್ ಡಬ್ಬಿ ಖಾಲಿಯಾಗಿದ್ದನ್ನು ನಾನು ನೋಡಿಕೊಂಡಿರಲಿಲ್ಲ. ತಂದು ಹಾಕುವಷ್ಟರಲ್ಲಿ ಕಿಡ್ನಿಗಳು ಎರಡು ತಾಸು ಸೆಕೆಯಲ್ಲೇ ಬಿದ್ದಿದ್ದವು. ಪ್ರಾಣಿ ಸತ್ತ ಮೇಲೆ ಕಿಡ್ನಿಯಲ್ಲಿ ಎಲ್ಲಕ್ಕಿಂತ ಮೊದಲು ಕೆಡುವುದು ಪ್ರಾಕ್ಸಿಮಲ್ ಟ್ಯೂಬುಲ್, ಅಂದರೆ ಆ ಕೊಳವೆಯ ಮೊದಲ ಭಾಗ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶಗಳೆಲ್ಲ ಮಸುಕು, ನ್ಯೂಕ್ಲಿಯಸ್ ಮಾಯ. ಥೀಸಿಸ್ ಮಾಡುತ್ತಿದ್ದ ಹುಡುಗಿಗೆ ಖುಷಿಯೋ ಖುಷಿ: "ಅಣ್ಣಾರ, ಭಾರಿ ರಿಸಲ್ಟ್ ಬಂದೈತ್ರಿ!" ನಮ್ಮ ಸರ್ ಸುಮ್ಮನೆ ಕಂಟ್ರೋಲ್ ಸ್ಲೈಡ್ ಎತ್ತಿ ಇಟ್ಟರು. ಔಷಧ ಕೊಡದೆ ಬರೀ ನೀರು ಕುಡಿಸಿದ ಇಲಿಗಳದು. ಅದೂ ಹಾಗೇ ಇತ್ತು. "ಇದು ಔಷಧದ್ದಲ್ಲ ತಂಗಿ, ಬಿಸಲಿಂದು" ಅಂದರು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಕಿಡ್ನಿಯ ಮೇಲೆ ನಿಜಕ್ಕೂ ಕಣ್ಣಿಡಬೇಕಾದದ್ದು ಲಿಥಿಯಂ (ಮನಸ್ಸಿನ ಏರಿಳಿತಕ್ಕೆ ಕೊಡುವ ಔಷಧ) ತೆಗೆದುಕೊಳ್ಳುವವರು. ಖಿನ್ನತೆಗೂ ಕೆಲವೊಮ್ಮೆ ಜೊತೆಗೆ ಕೊಡುತ್ತಾರೆ. ಅದು ಹೊರಹೋಗುವುದೇ ಕಿಡ್ನಿಯಿಂದ. ಇಲಿಯಾಗಲಿ ಮನುಷ್ಯರಾಗಲಿ, ಅದರಿಂದ ಪದೇ ಪದೇ ಮೂತ್ರ, ಬಾಯಾರಿಕೆ ಶುರುವಾಗಬಹುದು. ಅದಕ್ಕೇ ಅವರಿಗೆ ಆಗಾಗ ರಕ್ತ ಪರೀಕ್ಷೆ. ಫ್ಲುವೊಕ್ಸೆಟಿನ್ ಕರಗುವುದು ಮುಖ್ಯವಾಗಿ ಲಿವರಿನಲ್ಲಿ.

ನಿಮ್ಮ ತಾಯಿಯವರ ವಿಷಯದಲ್ಲಿ ನಾನು ಕೇಳುವುದು ಬೇರೆ. ವಯಸ್ಸಾಗಿದೆಯೇ? ಬಿ.ಪಿ.ಗೆ ನೀರು ಹೊರಹಾಕುವ ಮಾತ್ರೆ ಇದೆಯೇ? ಫ್ಲುವೊಕ್ಸೆಟಿನ್ ಜೊತೆ ಇವೆರಡೂ ಸೇರಿದರೆ ರಕ್ತದ ಸೋಡಿಯಂ (ಉಪ್ಪಿನಂಶ) 135ಕ್ಕಿಂತ, ಅಂದರೆ ಸಾಮಾನ್ಯ ಮಟ್ಟಕ್ಕಿಂತ, ಕೆಳಗೆ ಇಳಿಯುವ ಸಂಭವ ಹೆಚ್ಚು. ಸುಸ್ತು, ತಲೆನೋವು, ಮಾತಿನಲ್ಲಿ ಗೊಂದಲ ಕಂಡರೆ ನಮ್ಮ ಕಡೆ "ಬಿಸಲಿಗಿ ಹಿಂಗಾಗೇತಿ" ಅಂತ ಮಜ್ಜಿಗೆ ಕೊಟ್ಟು ಮಲಗಿಸುತ್ತೇವೆ. ಮಲಗಿಸಬೇಡಿ, ಅವತ್ತೇ ತೋರಿಸಿ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕಿಡ್ನಿಗೆ ತೊಂದರೆ ಅದರಿಂದ ಬರುವುದೇ ಹೆಚ್ಚು, ಫ್ಲುವೊಕ್ಸೆಟಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯವೂ ಇದೆ.

ಮುಂದಿನ ಸಲ ಹೋಗುವಾಗ ಮನೆಯಲ್ಲಿರುವ ಮಾತ್ರೆ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಸೋಡಿಯಂ ಮತ್ತು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆಯೆಂದು ತೋರಿಸುವ ರಕ್ತ ಪರೀಕ್ಷೆ) ಪರೀಕ್ಷೆ ಬೇಕೇ ಅಂತ ಕೇಳಿ. ಮತ್ತೆ ಆ ಲೇಖನ ಇಲ್ಲೇ ಹಾಕಿ. ಕಂಟ್ರೋಲ್ ಇಲಿಗಳ ಫೋಟೊ ಕೊಟ್ಟಿದ್ದಾರಾ ಅಂತ ನಾನು ನೋಡುತ್ತೇನೆ.